ಚಳಿ ತಾಳುವ ಏಪ್ರಿಕಾಟ್: ಯಾವ ತಳಿ, ಯಾವ ಜಾಗ

ನನ್ನ ಮೊದಲ ಏಪ್ರಿಕಾಟ್ ಮರಕ್ಕೆ ಚಳಿ ಏನೂ ಮಾಡಲಿಲ್ಲ. ಒಂಬತ್ತು ಚಳಿಗಾಲ ಕಳೆದರೂ ಒಂದು ರೆಂಬೆ ಒಣಗಲಿಲ್ಲ. ಆದರೆ ಅಷ್ಟು ವರ್ಷದಲ್ಲಿ ಹಣ್ಣು ಸಿಕ್ಕಿದ್ದು ಎರಡೇ ಸಲ. ಚಳಿಗಾಲ ಮುಗಿಯುವ ಮೊದಲೇ ನಾಲ್ಕು ದಿನ ಬಿಸಿಲು ಬೀಳುತ್ತಿತ್ತು. ಮರ ಮೈತುಂಬಾ ಹೂ ಬಿಡುತ್ತಿತ್ತು. ಆಮೇಲೆ ಒಂದು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ದಳಗಳು ಬೆಳ್ಳಗೆ ಚೆನ್ನಾಗಿಯೇ ಕಾಣುತ್ತಿದ್ದವು. ಒಂದು ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ನಿಜ ಗೊತ್ತಾಗುತ್ತಿತ್ತು. ನಡುವೆ ಸಾಸಿವೆ ಕಾಳಿನಷ್ಟು ದಪ್ಪ, ತಿಳಿ ಹಸಿರು ಬಣ್ಣದಲ್ಲಿ ಇರಬೇಕಾದ ಎಳೆ ಕಾಯಿ ಸುಟ್ಟ ಹಾಗೆ ಕಪ್ಪಾಗಿರುತ್ತಿತ್ತು.

ಆ ಗಿಡದ ಚೀಟಿಯಲ್ಲಿ ‘ಚಳಿ ತಾಳುವ ತಳಿ’ ಅಂತಲೇ ಬರೆದಿತ್ತು. ಅದು ಸುಳ್ಳೂ ಅಲ್ಲ. ಮರ ಚಳಿ ತಾಳಿತು. ಹೂವು ತಾಳಲಿಲ್ಲ, ಅಷ್ಟೇ. ಆದ್ದರಿಂದ ತಳಿಗಳನ್ನು ಹೋಲಿಸುವ ಮುಂಚೆ ಈ ‘ಚಳಿ ತಾಳುತ್ತದೆ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಚಳಿ ಒಂದಲ್ಲ, ಮೂರು

ಮೊದಲನೆಯದು ನಡುಚಳಿಗಾಲದ ಚಳಿ. ಕಾಂಡ, ರೆಂಬೆ, ಬೇರು ಎಷ್ಟು ಡಿಗ್ರಿವರೆಗೆ ಬದುಕುತ್ತವೆ ಅನ್ನುವ ಪ್ರಶ್ನೆ ಇದು. ನರ್ಸರಿಯವರು ಹೇಳುವ ಜೋನ್ ಸಂಖ್ಯೆ ಇದಕ್ಕೆ ಮಾತ್ರ ಉತ್ತರ. ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ ಜೋನ್ 4 ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಮೈನಸ್ 34ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್ ಇರುವ ಜಾಗ. ಜೋನ್ 5 ಅಂದರೆ ಮೈನಸ್ 29ರಿಂದ ಮೈನಸ್ 23. ವಸಂತ ಹೇಗೆ ಬರುತ್ತದೆ, ನೆಟ್ಟಗೆ ಬರುತ್ತದೋ ತಡವರಿಸುತ್ತಾ ಬರುತ್ತದೋ, ಅದನ್ನು ಈ ಸಂಖ್ಯೆ ಹೇಳುವುದಿಲ್ಲ.

ಎರಡನೆಯದು ಹೂಮೊಗ್ಗಿನ ತಾಳಿಕೆ. ಮರದ ಕಟ್ಟಿಗೆಗಿಂತ ಹೂಮೊಗ್ಗು ಸೂಕ್ಷ್ಮ. ಗಾಢ ನಿದ್ದೆಯಲ್ಲಿರುವಾಗ ಅದೂ ಗಟ್ಟಿಯೇ. ಉಬ್ಬುತ್ತಾ ಹೋದ ಹಾಗೆಲ್ಲ ಆ ಗಟ್ಟಿತನ ಕಳೆದುಕೊಳ್ಳುತ್ತದೆ. ಮೊಗ್ಗಿನ ತುದಿಯಲ್ಲಿ ಕೆಂಪು ಕಾಣುವ ಹೊತ್ತಿಗೆ ಸುಮಾರು ಮೈನಸ್ 5.6 ಡಿಗ್ರಿಗೆ ಹತ್ತರಲ್ಲಿ ಒಂದು ಸಾಯುತ್ತದೆ. ಹೂ ಪೂರ್ತಿ ಅರಳಿದ ಮೇಲೆ ಮೈನಸ್ 2.8ಕ್ಕೇ ಹತ್ತರಲ್ಲಿ ಒಂದು ಹೋಗುತ್ತದೆ, ಮೈನಸ್ 5.6ಕ್ಕೆ ಹತ್ತರಲ್ಲಿ ಒಂಬತ್ತು. ದಳ ಉದುರಿ ಹಸಿರು ಕಾಯಿ ಕಂಡಾಗ ಇನ್ನೂ ನಾಜೂಕು. ಮೈನಸ್ 2.2ಕ್ಕೆ ನಷ್ಟ ಶುರು, ಮೈನಸ್ 3.9ಕ್ಕೆ ಹೆಚ್ಚುಕಡಿಮೆ ಎಲ್ಲವೂ ಹೋದ ಹಾಗೆ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಹೂ ಬಿಡುವ ಸಮಯ. ಏಪ್ರಿಕಾಟ್ ಮರ ಚಳಿಗಾಲದಲ್ಲಿ ಒಂದಷ್ಟು ಗಂಟೆ ತಂಪನ್ನು ಎಣಿಸುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪು ಅದರ ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕ ಮುಗಿದ ಮೇಲೆ ಮರಕ್ಕೆ ಬೇಕಾಗಿರುವುದು ಬೆಚ್ಚಗಿನ ದಿನಗಳು ಮಾತ್ರ. ತೊಂದರೆ ಇರುವುದು ಇಲ್ಲೇ. ಏಪ್ರಿಕಾಟ್ ತನ್ನ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತದೆ. ಆಮೇಲೆ ಅರೆನಿದ್ದೆಯಲ್ಲಿ ಬಿಸಿಲಿಗೆ ಕಾಯುತ್ತಾ ಇರುತ್ತದೆ. ಸ್ವಲ್ಪ ಬಿಸಿಲು ಸಿಕ್ಕರೆ ಸಾಕು, ಎದ್ದುಬಿಡುತ್ತದೆ. ಸೇಬು, ಪೇರ್ ಇನ್ನೂ ಮಲಗಿರುವಾಗಲೇ ಇದು ಅರಳಿ ನಿಂತಿರುತ್ತದೆ.

ಇದು ಮನೆಯ ಹಿತ್ತಿಲಿನವರ ಕಷ್ಟ ಮಾತ್ರ ಅಲ್ಲ. ಜಗತ್ತಿನಲ್ಲೇ ಒಣ ಏಪ್ರಿಕಾಟ್‌ಗೆ ಹೆಸರಾದ ಟರ್ಕಿಯ ಮಲತ್ಯಾದಲ್ಲಿ 2014ರ ವಸಂತದಲ್ಲಿ ಮತ್ತೆ 2025ರ ವಸಂತದಲ್ಲಿ ತಡವಾಗಿ ಬಂದ ಚಳಿ ಫಸಲನ್ನು ಹೊಡೆದುಹಾಕಿತು. ತಲೆಮಾರುಗಳಿಂದ ಇದನ್ನೇ ಬೆಳೆಯುವವರಿಗೇ ಹೀಗಾಗುತ್ತದೆ ಅಂದ ಮೇಲೆ ಸುಮ್ನೆ ಒಂದು ಸಂಖ್ಯೆ ನೋಡಿ ಗಿಡ ತರುವುದು ಸರಿಯಲ್ಲ, ಅಲ್ವಾ?

ನಿಮ್ಮ ಚಳಿಗಾಲ ಎಂಥದ್ದು?

ತಳಿಯ ಹೆಸರಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಕೆಲವು ಕಡೆ ಚಳಿಗಾಲ ಗಟ್ಟಿಯಾಗಿ ಕೂತಿರುತ್ತದೆ. ತಿಂಗಳುಗಟ್ಟಲೆ ಸೊನ್ನೆಗಿಂತ ಕೆಳಗೆ. ಹಿಮ ಕರಗುವುದೇ ಇಲ್ಲ. ಆಮೇಲೆ ಒಂದೇ ಸಲ ವಸಂತ ಬರುತ್ತದೆ, ಬಂದ ಮೇಲೆ ಅಷ್ಟಾಗಿ ಹಿಂದಕ್ಕೆ ಹೋಗುವುದಿಲ್ಲ. ಇನ್ನು ಕೆಲವು ಕಡೆ ಚಳಿ ಅಷ್ಟು ಕಡು ಅಲ್ಲ, ಆದರೆ ಉಯ್ಯಾಲೆ ಆಡುತ್ತದೆ. ಒಂದು ವಾರ 12 ಡಿಗ್ರಿ, ಮರುವಾರ ಮೈನಸ್ 8.

ಮೈನಸ್ 40 ತಾಳುವ ಮರ ಮೈನಸ್ 15ರ ಊರಲ್ಲಿ ಆರಾಮಾಗಿ ಹಣ್ಣು ಬಿಡುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಅದಕ್ಕೆ ಉಲ್ಟಾ ಇದೆ. ಸೈಬೀರಿಯಾ, ಈಶಾನ್ಯ ಚೀನಾದ ಮಂಚೂರಿಯಾ ಕಡೆಯ ಏಪ್ರಿಕಾಟ್‌ಗಳು ಮೊದಲನೇ ಥರದ ಚಳಿಗಾಲಕ್ಕೆ ಒಗ್ಗಿಕೊಂಡವು. ಅಲ್ಲಿ ಬೆಚ್ಚಗಾಯಿತು ಅಂದರೆ ವಸಂತ ಬಂತು ಅಂತಲೇ ಅರ್ಥ. ಬೆಳವಣಿಗೆಯ ಕಾಲ ಚಿಕ್ಕದು, ಕಾಯುತ್ತಾ ಕೂರುವ ಹಾಗಿಲ್ಲ. ಹಾಗಾಗಿ ಸ್ವಲ್ಪ ಬಿಸಿಗೇ ಅವು ಅರಳಿಬಿಡುತ್ತವೆ. ಉಯ್ಯಾಲೆ ಚಳಿಗಾಲದ ಊರಲ್ಲಿ ಅದೇ ಗುಣ ಅವಕ್ಕೆ ಮುಳುವಾಗುತ್ತದೆ. ಅತಿ ಗಟ್ಟಿ ಮರವೇ ಅತಿ ಬೇಗ ಮೋಸಹೋಗುತ್ತದೆ.

ತಳಿಗಳ ಮೂರು ಗುಂಪು

ಮಂಚೂರಿಯಾದ ರಕ್ತ ಇರುವವು ಒಂದು ಗುಂಪು. ಬರೀ ಸೈಬೀರಿಯನ್ ಏಪ್ರಿಕಾಟ್ ಹಣ್ಣಿಗೆ ಪ್ರಯೋಜನವಿಲ್ಲ. ತಿರುಳು ತೆಳ್ಳಗೆ, ಒಣಕಲು, ಹುಳಿ. ಮಂಚೂರಿಯನ್ ಏಪ್ರಿಕಾಟ್ ಅದಕ್ಕಿಂತ ವಾಸಿ. ಅದನ್ನೂ ದೊಡ್ಡ ಹಣ್ಣಿನ ಏಪ್ರಿಕಾಟನ್ನೂ ಸೇರಿಸಿ ಮಾಡಿದ ತಳಿಗಳು ಇನ್ನೂ ವಾಸಿ. ಕೆನಡಾದ ಮ್ಯಾನಿಟೋಬಾದಲ್ಲಿರುವ ಮಾರ್ಡನ್ ಸಂಶೋಧನಾ ಕೇಂದ್ರ 1937ರಲ್ಲಿ ಬಿಟ್ಟ ಸ್ಕೌಟ್ ಈ ಸಾಲಿನಲ್ಲಿ ಹಳೆಯದು. ಮಿನ್ನೆಸೋಟ ವಿಶ್ವವಿದ್ಯಾಲಯದಿಂದ 1960ರ ಸುಮಾರಿಗೆ ಬಂದ ಮೂನ್‌ಗೋಲ್ಡ್ ಮತ್ತು ಸನ್‌ಗೋಲ್ಡ್ ಹೆಚ್ಚು ಹೆಸರುವಾಸಿ. ಕೆನಡಾದ ಪ್ರೇರಿ ಅನ್ನುವ ಹುಲ್ಲುಗಾವಲು ಸೀಮೆಯವರು ವೆಸ್ಟ್‌ಕಾಟ್ ಅನ್ನೂ ನೆಡುತ್ತಾರೆ. ಹಣ್ಣು ಮಧ್ಯಮ ಗಾತ್ರ. ಜಾಮ್‌ಗೆ ತುಂಬಾ ಒಳ್ಳೆಯದು, ಹಾಗೇ ತಿನ್ನಲೂ ಪರವಾಗಿಲ್ಲ. ಮೂನ್‌ಗೋಲ್ಡ್ ಸ್ವಲ್ಪ ಮುಂಚೆ ಹಣ್ಣಾಗುತ್ತದೆ, ಸನ್‌ಗೋಲ್ಡ್ ಸುಮಾರು ಒಂದು ವಾರ ಬಿಟ್ಟು. ನಿಮ್ಮದು ಮೈನಸ್ 30ರ ಗಟ್ಟಿ ಚಳಿಗಾಲ ಆಗಿದ್ದರೆ ಬೇರೆ ಯೋಚನೆಯೇ ಬೇಡ, ಈ ಗುಂಪಿನಿಂದಲೇ ಆರಿಸಿ.

ಎರಡನೇ ಗುಂಪು ಯುರೋಪಿನ ಸಾಮಾನ್ಯ ಏಪ್ರಿಕಾಟ್ ಜಾತಿಯೇ, ಆದರೆ ಚಳಿ ಸೀಮೆಗೆಂದು ಆರಿಸಿ ಬೆಳೆಸಿದ್ದು. ಕೆನಡಾದ ಒಂಟಾರಿಯೊದಲ್ಲಿ ಹ್ಯಾರೋ ಅನ್ನುವ ಊರಿನ ಸಂಶೋಧನಾ ಕೇಂದ್ರದಿಂದ ಬಂದ ತಳಿಗಳಿಗೆಲ್ಲ ‘ಹಾರ್’ ಅಂತ ಹೆಸರು ಶುರುವಾಗುತ್ತದೆ. ಹಾರ್ಕಾಟ್, ಹಾರ್ಗ್ರ್ಯಾಂಡ್, ಹಾರೋಜೆಮ್, ಹಾರ್ಲೇನ್ ಹೀಗೆ. ಇವುಗಳಲ್ಲಿ ನನ್ನ ಮೆಚ್ಚಿನದು ಹಾರ್ಲೇನ್. ಮೊಗ್ಗು ಗಟ್ಟಿ. ಪ್ಲಮ್ ಪಾಕ್ಸ್ ಅನ್ನುವ ವೈರಸ್ ರೋಗವನ್ನೂ ತಡೆಯುತ್ತದೆ. ಆ ರೋಗಕ್ಕೆ ಮದ್ದೇ ಇಲ್ಲದಿರುವಾಗ ಇದು ಸಣ್ಣ ಗುಣವಲ್ಲ. ಇದೇ ಗುಂಪಿಗೆ ಮಿಷಿಗನ್‌ನಲ್ಲಿ 1967ರಲ್ಲಿ ಬಂದ ಗೋಲ್ಡ್‌ಕಾಟ್ ಅನ್ನೂ ಸೇರಿಸಬಹುದು. ಒಂದೇ ಮರ ಇದ್ದರೂ ಕಾಯಿ ಕಟ್ಟುತ್ತದೆ ಅನ್ನುವುದು ಅದರ ದೊಡ್ಡ ಗುಣ. ಚಳಿಗಾಲ ಮೈನಸ್ 25ಕ್ಕಿಂತ ಕೆಳಗೆ ಹೋಗುವುದು ಅಪರೂಪ, ಆದರೆ ವಸಂತ ನಂಬಿಕೆಗೆ ಬಾರದ್ದು ಅನ್ನುವ ಕಡೆಗೆ ಈ ಗುಂಪು ಸರಿ. ಇವೂ ಬೇಗ ಅರಳುತ್ತವೆ, ಏಪ್ರಿಕಾಟ್ ಅಂದ ಮೇಲೆ ತಪ್ಪಿದ್ದಲ್ಲ. ಆದರೆ ಮಂಚೂರಿಯನ್ ಗುಂಪಿನಷ್ಟು ಅವಸರ ಇಲ್ಲ. ಕೆಲವೇ ದಿನಗಳ ವ್ಯತ್ಯಾಸ ಇರಬಹುದು. ಒಂದು ವರ್ಷದ ಫಸಲು ಉಳಿಯುವುದು ಅಷ್ಟು ದಿನಗಳಲ್ಲೇ.

ಮೂರನೆಯದು ಮೂರ್‌ಪಾರ್ಕ್, ಬ್ಲೆನಿಮ್ ಥರದ ಹಳೆಯ ಹೆಸರುಗಳು. ರುಚಿಯಲ್ಲಿ ಇವುಗಳನ್ನು ಮೀರಿಸುವುದು ಕಷ್ಟ. ಬೇರೆಯವರ ಮರದ ಮೂರ್‌ಪಾರ್ಕ್ ತಿಂದು ಬಂದು, ಅದೇ ಬೇಕು ಅಂತ ಆಸೆಪಡುವವರನ್ನು ನೋಡಿದ್ದೇನೆ. ಆಸೆ ಅರ್ಥವಾಗುತ್ತದೆ. ಆದರೆ ನಿಜವಾದ ಚಳಿ ಸೀಮೆಯಲ್ಲಿ ಇವುಗಳನ್ನು ನೆಡಬೇಡಿ ಅಂತಲೇ ನನ್ನ ಮಾತು. ಚಳಿ ಹಿತವಾಗಿದ್ದು, ಬೇಸಿಗೆ ಒಣಹವೆ ಇದ್ದರೆ ಮಾತ್ರ ಸರಿ.

ಒಂದು ಮರವೋ ಎರಡೋ

ಎರಡನೇ ಗುಂಪಿನ ಹಲವು ತಳಿಗಳು ಒಂಟಿಯಾಗಿ ಕಾಯಿ ಕಟ್ಟುತ್ತವೆ, ಎಲ್ಲವೂ ಅಲ್ಲ. ಹಾರ್ಗ್ರ್ಯಾಂಡ್‌ಗೆ ಜೊತೆ ಬೇಕು. ಮಂಚೂರಿಯನ್ ಗುಂಪಿನಲ್ಲಿ ಜೊತೆ ಬೇಕೇಬೇಕು ಅಂತಲೇ ಇಟ್ಟುಕೊಳ್ಳಿ. ಮೂನ್‌ಗೋಲ್ಡ್, ಸನ್‌ಗೋಲ್ಡ್ ಎರಡನ್ನೂ ಒಟ್ಟಿಗೆ ಮಾರುವುದೇ ಅದಕ್ಕೆ. ಒಂದರ ಪರಾಗ ಇನ್ನೊಂದಕ್ಕೆ ಬೇಕು.

ಒಂಟಿಯಾಗಿ ಕಾಯಿ ಬಿಡುವ ತಳಿಗೂ ಜೊತೆ ಇದ್ದರೆ ಒಳ್ಳೆಯದೇ. ಅಷ್ಟು ಬೇಗ ಹೂ ಬಿಟ್ಟಾಗ ಜೇನುನೊಣಗಳ ಓಡಾಟ ಕಡಿಮೆ. ತಂಪು ಜಾಸ್ತಿ ಇದ್ದ ದಿನ ಅವು ಗೂಡು ಬಿಟ್ಟು ಬರುವುದೇ ಇಲ್ಲ. ಜಾಗ ಚಿಕ್ಕದಾಗಿದ್ದರೆ ಒಂದೇ ಮರಕ್ಕೆ ಇನ್ನೊಂದು ತಳಿಯ ರೆಂಬೆಯನ್ನು ಕಸಿ ಮಾಡಬಹುದು. ಎರಡು ಮರ ನೆಡುವುದಾದರೆ ನಡುವೆ 5 ಮೀಟರ್ ಆದರೂ ಬಿಡಿ.

ಬೀಜದ ಗಿಡವೋ ಕಸಿ ಗಿಡವೋ

ಬೀಜದಿಂದ ಏಪ್ರಿಕಾಟ್ ಬೆಳೆಸುವುದು ಕಷ್ಟವಲ್ಲ. ಗಟ್ಟಿ ಓಟೆಯನ್ನು ಒದ್ದೆ ಮರಳಿನಲ್ಲಿಟ್ಟು ಎರಡು ಮೂರು ತಿಂಗಳು ಫ್ರಿಜ್ಜಿನ ತಂಪಿನಲ್ಲಿ ಬಿಟ್ಟರೆ ಮೊಳಕೆ ಬರುತ್ತದೆ. ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೀಜದ ಮರಗಳೇ ಇವೆ. ಅಲ್ಲಿ ನೂರಾರು ಮರಗಳಿಂದ ಒಳ್ಳೆಯದನ್ನು ಆರಿಸಿಕೊಳ್ಳುತ್ತಾ ಬಂದಿದ್ದಾರೆ. ನೀವು ನೆಡುವುದು ಒಂದೋ ಎರಡೋ. ಆ ಗಿಡ ತಾಯಿಮರದ ಹಾಗೆಯೇ ಇರುತ್ತದೆ ಅಂತ ಭರವಸೆ ಇಲ್ಲ. ನಾಲ್ಕೈದು ವರ್ಷ ಕಾದ ಮೇಲೆ ಹುಳಿ ಹಣ್ಣು ಬಂದರೆ ಬೇಜಾರು. ಜಾಗ ಬೇಕಾದಷ್ಟಿದ್ದು ತಾಳ್ಮೆಯೂ ಇದ್ದರೆ ಬೀಜ ಹಾಕಿ. ಇಲ್ಲದಿದ್ದರೆ ಕಸಿ ಗಿಡ. ಇನ್ನೊಂದು ವಿಷಯ: ಓಟೆ ಒಡೆದಾಗ ಸಿಗುವ ಕಹಿ ಬೀಜವನ್ನು ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿರುವ ಅಮಿಗ್ಡಲಿನ್ ಹೊಟ್ಟೆಗೆ ಹೋದ ಮೇಲೆ ಸಯನೈಡ್ ಆಗುತ್ತದೆ.

ಕಸಿ ಗಿಡ ತರುವಾಗ ಮೇಲಿನ ತಳಿಯನ್ನಷ್ಟೇ ಕೇಳಬೇಡಿ, ಕೆಳಗಿನ ಬೇರುಗಿಡ ಯಾವುದು ಅಂತಲೂ ಕೇಳಿ. ಚಳಿಯ ಹೊಡೆತ ಬೇರಿಗೂ ಇದೆ. ಏಪ್ರಿಕಾಟ್ ಅಥವಾ ಮಂಚೂರಿಯನ್ ಏಪ್ರಿಕಾಟ್ ಸಸಿಯ ಬೇರಾದರೆ ಚಳಿಗೆ ಗಟ್ಟಿ, ಕಸಿಯೂ ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಆದರೆ ನೀರು ನಿಲ್ಲುವ ನೆಲ ಅದಕ್ಕೆ ಆಗಿಬರುವುದಿಲ್ಲ. ಮಣ್ಣು ಜಿಗುಟಾಗಿದ್ದು ಬೇಗ ಬಸಿಯದಿದ್ದರೆ ಮೈರೊಬಲಾನ್ ಪ್ಲಮ್ ಬೇರು ಮೇಲು. ಅದಕ್ಕೂ ಏಪ್ರಿಕಾಟ್‌ಗೂ ಕೆಲವೊಮ್ಮೆ ಹೊಂದಾಣಿಕೆ ಕೂಡಿಬರುವುದಿಲ್ಲ. ಚೆನ್ನಾಗಿ ಬೆಳೆದ ಮರ ವರ್ಷಗಳ ನಂತರ ಗಾಳಿಗೆ ಕಸಿಯ ಜಾಗದಲ್ಲೇ ಮುರಿದು ಬೀಳುವುದುಂಟು. ಪೀಚ್ ಬೇರು ಚಳಿಯಲ್ಲೂ ಸೋಲುತ್ತದೆ, ನೀರಲ್ಲೂ ಸೋಲುತ್ತದೆ. ನಾನಂತೂ ಅದನ್ನು ತರುವುದಿಲ್ಲ.

ಬಿಸಿಲಿನ ಗೋಡೆಯೋ ತಂಪಿನ ಇಳಿಜಾರೋ

ಜಾಗ ಆರಿಸುವುದು ತಳಿ ಆರಿಸುವುದಕ್ಕಿಂತ ದೊಡ್ಡ ಕೆಲಸ. ಹಣ್ಣಿನ ಮರವನ್ನು ದಕ್ಷಿಣ ದಿಕ್ಕಿನ ಬಿಸಿಲು ಗೋಡೆಗೆ ಒತ್ತಿ ನೆಡಿ ಅಂತ ಹಳೆಯ ತೋಟದ ಪುಸ್ತಕಗಳಲ್ಲಿ ಇರುತ್ತದೆ. (ಭೂಮಿಯ ಉತ್ತರಾರ್ಧದ ಲೆಕ್ಕ ಇದು. ದಕ್ಷಿಣಾರ್ಧದಲ್ಲಿದ್ದರೆ ದಿಕ್ಕು ತಿರುಗಿಸಿಕೊಳ್ಳಿ.) ಕಡಲ ಹತ್ತಿರದ ಸೌಮ್ಯ ಹವೆಯಲ್ಲಿ ಅದು ಸರಿ. ಅಲ್ಲಿ ಗೋಡೆಯ ಬಿಸಿ ಹಣ್ಣಿಗೆ ಸಿಹಿ ಕೊಡುತ್ತದೆ. ಮೇಲಿಂದ ಹೊದಿಕೆ ಇಳಿಬಿಡುವುದೂ ಸುಲಭ.

ಉಯ್ಯಾಲೆ ಚಳಿಗಾಲದಲ್ಲಿ ಅದೇ ಗೋಡೆ ಶತ್ರು. ಮಧ್ಯಾಹ್ನದ ಬಿಸಿಯನ್ನು ಕುಡಿದು ಮೊಗ್ಗಿಗೆ ಉಣಿಸಿ ಬೇಗ ಎಬ್ಬಿಸುತ್ತದೆ. ನನ್ನ ಮೊದಲ ಮರ ಇದ್ದದ್ದು ಅಂಥ ಗೋಡೆಯ ಪಕ್ಕದಲ್ಲೇ. ಎರಡನೇ ಮರವನ್ನು ಉತ್ತರಕ್ಕೆ ವಾಲಿದ ಇಳಿಜಾರಿನಲ್ಲಿ ನೆಟ್ಟೆ. ಬೇಸಿಗೆಯಲ್ಲಿ ಅಲ್ಲಿಗೂ ಇಡೀ ದಿನ ಬಿಸಿಲು ಬೀಳುತ್ತದೆ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಹೋಗುವುದರಿಂದ ಓರೆ ಬಿಸಿಲು ಮಾತ್ರ. ಹಿಮವೂ ಅಲ್ಲಿ ಕೊನೆಗೇ ಕರಗುತ್ತದೆ. ಈ ಮರ ಆ ಮರಕ್ಕಿಂತ ತಡವಾಗಿ ಅರಳುತ್ತದೆ, ಹೆಚ್ಚು ಸಲ ಹಣ್ಣು ಕೊಟ್ಟಿದೆ.

ಇಳಿಜಾರಿನಲ್ಲೂ ನಡುಭಾಗವೇ ಮೇಲು. ತಣ್ಣನೆ ಗಾಳಿ ಭಾರ. ಅದು ರಾತ್ರಿ ನೀರಿನ ಹಾಗೆ ಕೆಳಕ್ಕೆ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ದಟ್ಟ ಬೇಲಿಯೋ ಕಾಂಪೌಂಡ್ ಗೋಡೆಯೋ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಜಾಗದಲ್ಲಿ ಅದು ಎಲ್ಲಿ ನಿಲ್ಲುತ್ತದೆ ಅಂತ ತಿಳಿಯಲು ಸುಲಭ ದಾರಿ ಇದೆ. ಹುಲ್ಲಿನ ಮೇಲೆ ಬಿಳಿ ಹಿಮ ಕೂತ ಬೆಳಿಗ್ಗೆ ಬೇಗ ಎದ್ದು ಹೋಗಿ ನೋಡಿ. ಎಲ್ಲಿ ಹೆಚ್ಚು ದಪ್ಪ ಬೆಳ್ಳಗಿದೆಯೋ ಆ ಜಾಗ ಬಿಟ್ಟುಬಿಡಿ.

ಟೊಮೇಟೊ, ಆಲೂಗಡ್ಡೆ, ಬದನೆ ಬೆಳೆದ ಪಾತಿಯೂ ಬೇಡ. ವರ್ಟಿಸಿಲಿಯಂ ಅನ್ನುವ ಸೊರಗು ರೋಗದ ಶಿಲೀಂಧ್ರ ಆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಏಪ್ರಿಕಾಟ್‌ಗೂ ಹತ್ತುತ್ತದೆ.

ಆರೈಕೆಯಲ್ಲಿ ಆರಿಸಿಕೊಳ್ಳಬೇಕಾದವು

ಕಾಂಡಕ್ಕೆ ಬಿಳಿ ಬಣ್ಣ ಬಳಿಯಬೇಕೇ? ಬಳಿಯಲೇಬೇಕು. ಚಳಿಗಾಲದ ಮಧ್ಯಾಹ್ನ ಕಾಂಡದ ನೈರುತ್ಯ ಮಗ್ಗುಲು ಬಿಸಿಯಾಗಿ ಜೀವ ಚುರುಕಾಗುತ್ತದೆ. ಸೂರ್ಯ ಮುಳುಗಿದ ತಕ್ಷಣ ಅದೇ ಜಾಗ ಹೆಪ್ಪುಗಟ್ಟುತ್ತದೆ. ತೊಗಟೆ ಉದ್ದಕ್ಕೆ ಸೀಳುತ್ತದೆ. ಬೆರಳಿಟ್ಟು ತಟ್ಟಿದರೆ ಒಳಗೆ ಟೊಳ್ಳು ಸದ್ದು ಬರುತ್ತದೆ, ಸ್ವಲ್ಪ ದಿನಕ್ಕೆ ಅಂಟು ಸುರಿಯುತ್ತದೆ. ಆ ಗಾಯದಿಂದಲೇ ಕ್ಯಾಂಕರ್ ಅನ್ನುವ ತೊಗಟೆ ಕೊಳೆಸುವ ರೋಗ ಒಳಗೆ ಹೋಗುವುದು. ನೀರಿನಲ್ಲಿ ಕಲೆಸುವ ಬಿಳಿ ಪೇಂಟಿಗೆ ಅಷ್ಟೇ ನೀರು ಸೇರಿಸಿ, ನೆಲದಿಂದ ಮೊದಲ ಕವಲಿನವರೆಗೆ ಬಳಿದರೆ ಸಾಕು. ಎಣ್ಣೆ ಪೇಂಟ್ ಬೇಡ. ಕಾಂಡದ ಸುತ್ತ ಬಲೆಯನ್ನೂ ಹಾಕಿ. ಹಿಮದ ಕೆಳಗೆ ಇಲಿಗಳು ತೊಗಟೆಯನ್ನು ಸುತ್ತಲೂ ಕಡಿದರೆ ಮರ ಹೋಯಿತು ಅಂತಲೇ ಲೆಕ್ಕ.

ರೆಂಬೆ ಸವರುವುದು ಯಾವಾಗ ಅನ್ನುವುದಕ್ಕೆ ಎರಡು ಉತ್ತರ ಇವೆ. ಚಳಿಗಾಲದಲ್ಲಿ ಮಳೆ ಬೀಳುವ ಕಡೆ ಹಣ್ಣು ಕಿತ್ತ ಮೇಲೆ, ಬೇಸಿಗೆಯ ಕೊನೆಯ ಒಣದಿನಗಳಲ್ಲಿ ಸವರಿ. ಯೂಟೈಪಾ ಅನ್ನುವ ಒಣಗು ರೋಗದ ಬೀಜಕಣಗಳು ಮಳೆಯಲ್ಲೇ ಹರಡುವುದು, ಒಣ ಹವೆಯಲ್ಲಿ ಗಾಯ ಬೇಗ ಮಾಯುತ್ತದೆ. ಕಡು ಚಳಿಯ ಕಡೆ ಅದು ಆಗುವುದಿಲ್ಲ. ತಡವಾಗಿ ಕತ್ತರಿಸಿದರೆ ಹೊಸ ಚಿಗುರು ಬಂದು ಬಲಿಯುವ ಮುಂಚೆಯೇ ಚಳಿಗೆ ಸಿಕ್ಕಿಬೀಳುತ್ತದೆ. ಅಲ್ಲಿ ಹೂ ಬಿಡುವ ಹೊತ್ತಿಗೆ, ಮಳೆ ಇಲ್ಲದ ನಾಲ್ಕು ದಿನ ನೋಡಿ ಸವರುವುದೇ ಸರಿ. ಯಾವ ಗೆಲ್ಲು ಸತ್ತಿದೆ, ಯಾವುದು ಬದುಕಿದೆ ಅನ್ನುವುದೂ ಆಗ ಸ್ಪಷ್ಟವಾಗಿರುತ್ತದೆ. ಎರಡು ಕಡೆಯೂ ನಡುಚಳಿಗಾಲದಲ್ಲಿ ಮಾತ್ರ ಕತ್ತರಿ ಹಿಡಿಯಬೇಡಿ. ಹಣ್ಣು ಬರುವುದು ಕಳೆದ ವರ್ಷದ ಕಡ್ಡಿಗಳ ಮೇಲೆ ಮತ್ತು ಮೂರು ನಾಲ್ಕು ವರ್ಷ ಬಾಳುವ ಗಿಡ್ಡ ಕವಲುಗಳ ಮೇಲೆ. ಹಾಗಾಗಿ ಪ್ರತಿ ವರ್ಷ ಸ್ವಲ್ಪ ಹಳೆಯದನ್ನು ತೆಗೆದು ಹೊಸದಕ್ಕೆ ಜಾಗ ಮಾಡಿಕೊಡಬೇಕು.

ಗೊಬ್ಬರ ವಸಂತದಲ್ಲಿ ಒಂದು ಸಲ ಸಾಕು. ಬೇಸಿಗೆಯ ನಡುವಿನ ನಂತರ ಸಾರಜನಕ ಕೊಟ್ಟರೆ ಮರ ಮಲಗುವುದನ್ನೇ ಮರೆಯುತ್ತದೆ. ನೀರು ಕಾಯಿ ದಪ್ಪವಾಗುವ ಹೊತ್ತಿಗೆ ತಪ್ಪಬಾರದು.

ಆ ಒಂದು ರಾತ್ರಿ

ಹೂವಿನ ಕಾಲದಲ್ಲಿ ಚಳಿಯ ಮುನ್ಸೂಚನೆ ಬಂದರೆ ಏನು ಮಾಡುವುದು? ಇದು ಮರದ ಎತ್ತರದ ಮೇಲೆ ನಿಂತಿದೆ. ಅದಕ್ಕೇ ಮರವನ್ನು ಮೂರು ಮೀಟರ್ ಒಳಗೆ ತಗ್ಗಿಸಿ ಬೆಳೆಸುವುದು ನನಗೆ ಇಷ್ಟ. ದೊಡ್ಡ ಬಟ್ಟೆಯನ್ನು ಮರದ ಮೇಲೆ ಹಾಕಿ ನೆಲಕ್ಕೆ ಮುಟ್ಟುವ ಹಾಗೆ ಇಳಿಬಿಡಿ. ಕಾಂಡಕ್ಕೆ ಸುತ್ತಿ ಕಟ್ಟಬೇಡಿ. ಬಿಸಿ ಬರುವುದು ನೆಲದಿಂದ, ಆ ದಾರಿ ಮುಚ್ಚಬಾರದು. ಒಳಗೆ ಹಳೆ ಕಾಲದ ಬಿಸಿಯಾಗುವ ಬಲ್ಬುಗಳ ಸರ ಹಾಕಿದರೆ ಒಂದೆರಡು ಡಿಗ್ರಿ ಉಳಿಯುತ್ತದೆ. ಎಲ್‌ಇಡಿ ಸರದಿಂದ ಪ್ರಯೋಜನವಿಲ್ಲ.

ಮರದ ಬುಡದಲ್ಲಿ ಹುಲ್ಲು ಅಥವಾ ಒಣ ಹೊದಿಕೆ ಇದ್ದರೆ ಹೂವಿನ ವಾರಗಳಲ್ಲಿ ಪಕ್ಕಕ್ಕೆ ಸರಿಸಿ, ನೆಲವನ್ನು ಹಿಂದಿನ ದಿನವೇ ಒದ್ದೆ ಮಾಡಿ. ಒದ್ದೆಯಾದ ಬರಿ ಮಣ್ಣು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ದಪ್ಪ ಹೊದಿಕೆ ಹಾಕಿ ನೆಲ ತಣ್ಣಗಿಟ್ಟರೆ ಹೂ ತಡವಾಗುತ್ತದೆ ಅನ್ನುವ ಮಾತನ್ನು ನಾನು ಬಹಳ ವರ್ಷ ನಂಬಿದ್ದೆ. ಮೊಗ್ಗು ನೋಡುವುದು ಗಾಳಿಯ ಬಿಸಿಯನ್ನೇ ಹೆಚ್ಚು. ಬುಡದಲ್ಲಿ ಹೊದಿಕೆ ಎಷ್ಟು ದಪ್ಪ ಇದ್ದರೂ ಮೇಲೆ ಹೂ ಅರಳುತ್ತಲೇ ಇತ್ತು.

ಮರುದಿನ ಬಟ್ಟೆಯನ್ನು ಬಿಸಿಲೇರಿದ ಮೇಲೆ ತೆಗೆಯಿರಿ, ಜೇನು ಬರಬೇಕಲ್ಲ. ಮಧ್ಯಾಹ್ನ ಬ್ಲೇಡ್ ತೆಗೆದುಕೊಂಡು ಮೇಲಿನಿಂದ, ಕೆಳಗಿನಿಂದ, ಒಳಗಿನಿಂದ ಅಂತ ಇಪ್ಪತ್ತು ಹೂ ಸೀಳಿ ನೋಡಿ. ಎಲ್ಲವೂ ಹಸಿರಾಗಿರಬೇಕು ಅಂತಿಲ್ಲ. ಈ ಮರ ಬಿಡುವ ಹೂವಿಗೆ ಲೆಕ್ಕವೇ ಇಲ್ಲ. ಇಪ್ಪತ್ತರಲ್ಲಿ ನಾಲ್ಕು ಹಸಿರಿದ್ದರೂ ಕಾಯಿ ಸಾಕಷ್ಟು ನಿಲ್ಲುತ್ತದೆ. ಹದಿನೈದು ಹಸಿರಿದ್ದರೆ ಕಾಯಿ ಗೋಲಿಯಷ್ಟಾದಾಗ ನೀವೇ ಒಂದಷ್ಟು ಕಿತ್ತು, ಕಾಯಿಗೂ ಕಾಯಿಗೂ ನಾಲ್ಕು ಬೆರಳು ಅಂತರ ಬಿಡಬೇಕಾಗುತ್ತದೆ.